ಎರಡನೆಯ ಭಾಷೆ ಯಾವುದರ ಮೇಲೆ ನಿಲ್ಲುತ್ತದೆ? ಕಾಸರಗೋಡಿನ ಕನ್ನಡ ಶಾಲೆಯಿಂದ ಇಂಗ್ಲಿಷ್ ಬೋಧನೆಯ ಚರಿತ್ರೆಯನ್ನು ನೋಡುವಾಗ

ಧ್ವನಿ ಸರಿಯಾಗಿ ಕೇಳ್ತಾ ಉಂಟು ಅಂದುಕೊಳ್ತೇನೆ. ಗಡಿಯಾಚೆಯ ಕನ್ನಡದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಮಲಯಾಳಂ, ತಮಿಳು, ಮರಾಠಿ, ತೆಲುಗುಗಳ ಎದುರು ಕನ್ನಡವನ್ನು ನಿಲ್ಲಿಸಿ ನೋಡ್ತೇವೆ. ಇಂಗ್ಲಿಷಿನ ಮಾತು ಬಂದರೆ ಅದು ಮಾಧ್ಯಮದ ಚರ್ಚೆಯಾಗಿ ಮಾತ್ರ ಬರ್ತದೆ: ಕನ್ನಡ ಮಾಧ್ಯಮವೋ, ಇಂಗ್ಲಿಷ್ ಮಾಧ್ಯಮವೋ ಅಂತ. ನಾನು ಇವತ್ತು ಅದಕ್ಕಿಂತ ಸಣ್ಣ ಜಾಗಕ್ಕೆ ಹೋಗ್ತೇನೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ದಿನಕ್ಕೊಂದು ಇಂಗ್ಲಿಷ್ ಪೀರಿಯಡ್ ಇರ್ತದಲ್ಲ, ಆ ಪೀರಿಯಡ್‌ನ ಒಳಗೆ ಕನ್ನಡಕ್ಕೆ ಏನು ಕೆಲಸ? ಈ ಪ್ರಶ್ನೆಗೆ ಇನ್ನೂರು ವರ್ಷದ ಚರಿತ್ರೆ ಉಂಟು. ಕಾಸರಗೋಡಿನಲ್ಲಿ ಅದು ಈಗ ಅಧ್ಯಾಪಕರ ನೇಮಕಾತಿಯ ಪ್ರಶ್ನೆಯೂ ಆಗಿದೆ.

ಕೇರಳದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಭಾಷಾ ವಿಷಯಗಳು ಹೀಗೆ ಬರ್ತವೆ: ಪ್ರಥಮ ಭಾಷೆ ಒಂದನೇ ಪತ್ರಿಕೆ, ಪ್ರಥಮ ಭಾಷೆ ಎರಡನೇ ಪತ್ರಿಕೆ, ದ್ವಿತೀಯ ಭಾಷೆ ಇಂಗ್ಲಿಷ್, ತೃತೀಯ ಭಾಷೆ ಹಿಂದಿ. ತಿರುವನಂತಪುರದ ಮಗುವಿಗೆ ಈ ಪಟ್ಟಿ ಹೆಚ್ಚುಕಡಿಮೆ ನಿಜ. ಮನೆಯಲ್ಲಿ ಮಲಯಾಳಂ, ಶಾಲೆಯಲ್ಲಿ ಮಲಯಾಳಂ, ಆಮೇಲೆ ಇಂಗ್ಲಿಷ್. ಮಂಜೇಶ್ವರದ ಅಥವಾ ಬದಿಯಡ್ಕದ ಕನ್ನಡ ಮಾಧ್ಯಮದ ಮಗುವಿಗೆ ಇದೇ ಪಟ್ಟಿಯನ್ನು ಕೊಟ್ಟು ನೋಡಿ. ಮನೆಯಲ್ಲಿ ತುಳು, ಅಥವಾ ಕೊಂಕಣಿ, ಅಥವಾ ಮರಾಠಿ, ಅಥವಾ ಬ್ಯಾರಿ, ಅಥವಾ ಹವ್ಯಕ ಕನ್ನಡ. ಶಾಲೆಯಲ್ಲಿ ಪುಸ್ತಕದ ಕನ್ನಡ. ಬಸ್ಸಿನಲ್ಲಿ, ರೇಷನ್ ಅಂಗಡಿಯಲ್ಲಿ, ಕಚೇರಿಯಲ್ಲಿ ಮಲಯಾಳಂ. ಸಪ್ತಭಾಷಾ ಸಂಗಮ ಭೂಮಿ ಅಂತ ನಾವು ಭಾಷಣದಲ್ಲಿ ಹೆಮ್ಮೆಯಿಂದ ಹೇಳ್ತೇವೆ. ಆ ಸಂಗಮದಲ್ಲಿ ಇಂಗ್ಲಿಷ್ ಎಷ್ಟನೆಯದು ಅಂತ ಲೆಕ್ಕ ಹಾಕಿದರೆ ನಾಲ್ಕನೆಯದೋ ಐದನೆಯದೋ ಆಗ್ತದೆ. ಆದರೂ ಪ್ರಶ್ನೆಪತ್ರಿಕೆಯ ತಲೆಯ ಮೇಲೆ 'ದ್ವಿತೀಯ ಭಾಷೆ' ಅಂತಲೇ ಅಚ್ಚಾಗಿರ್ತದೆ.

ಅಂದರೆ 'ದ್ವಿತೀಯ ಭಾಷೆ' ಅನ್ನುವ ಪದಕ್ಕೆ ಎರಡು ಅರ್ಥ. ಒಂದು, ವೇಳಾಪಟ್ಟಿಯ ಅರ್ಥ: ಅಂಕಪಟ್ಟಿಯಲ್ಲಿ ಎಷ್ಟನೆಯ ಸಾಲು ಅನ್ನುವುದು. ಇನ್ನೊಂದು, ಕಲಿಕೆಯ ಅರ್ಥ: ಈಗಾಗಲೇ ಒಂದು ಭಾಷೆ ಗಟ್ಟಿಯಾಗಿ ಇರುವವನು ಅದರ ಮೇಲೆ ನಿಂತು ಕಲಿಯುವ ಭಾಷೆ. ಇಂಗ್ಲಿಷ್ ಬೋಧನೆಯ ಚರಿತ್ರೆಯನ್ನು ಸಾಮಾನ್ಯವಾಗಿ ವಿಧಾನಗಳ ಹೆಸರಿನಲ್ಲಿ ಹೇಳ್ತಾರೆ. ವ್ಯಾಕರಣ-ಅನುವಾದ ವಿಧಾನ, ನೇರ ವಿಧಾನ, ರಚನಾತ್ಮಕ ವಿಧಾನ, ಸಂವಹನ ವಿಧಾನ ಅಂತ. ಬಿ.ಎಡ್. ಮಾಡಿದವರಿಗೆಲ್ಲ ಈ ಪಟ್ಟಿ ಕಂಠಪಾಠ. ಗಡಿಯಿಂದ ನೋಡಿದರೆ ಇದೇ ಚರಿತ್ರೆ ಬೇರೆ ರೀತಿ ಕಾಣ್ತದೆ: ಇಂಗ್ಲಿಷನ್ನು ಯಾವ ಭಾಷೆಯ ಮೇಲೆ ನಿಲ್ಲಿಸಿದರು, ಯಾವಾಗ ಆ ನೆಲವನ್ನು ತೆಗೆದರು ಅನ್ನುವ ಕಥೆಯಾಗಿ.

ಆ ಕಥೆ ಶುರುವಾಗುವುದು ಪದಕೋಶಗಳಿಂದ. ಲಂಡನ್ ಮಿಶನರಿ ಸೊಸೈಟಿಯ ವಿಲಿಯಂ ರೀವ್ ಬಳ್ಳಾರಿಯಲ್ಲಿದ್ದು ಕೆಲಸ ಮಾಡಿದವರು. ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು. ಅಂದಿನ ಬಳ್ಳಾರಿ ಜಿಲ್ಲೆ ಅಂದರೆ ಆದೋನಿ, ಆಲೂರು, ರಾಯದುರ್ಗ ಎಲ್ಲ ಸೇರಿದ ಸೀಮೆ. 1953ರಲ್ಲಿ ಆ ಮೂರು ತಾಲೂಕು ಆಂಧ್ರಕ್ಕೆ ಹೋದವು. ಹಾಗಾಗಿ ಕನ್ನಡ-ಇಂಗ್ಲಿಷ್ ನಡುವಿನ ಮೊದಲ ದೊಡ್ಡ ಸೇತುವೆ ಕಟ್ಟಿದ್ದು ಇವತ್ತಿನ ಲೆಕ್ಕದಲ್ಲಿ ಗಡಿನಾಡು ಅನ್ನಬಹುದಾದ ಪ್ರದೇಶದಲ್ಲಿ. ಆದರೆ ಆ ಸೇತುವೆಯ ಮೇಲೆ ಸಂಚಾರ ಒಂದೇ ದಿಕ್ಕಿಗೆ. ಯುರೋಪಿಯನ್ನರು ಕನ್ನಡ ಕಲಿಯಬೇಕಿತ್ತು, ಅದಕ್ಕೆ ಮಾಡಿದ್ದು.

ದಿಕ್ಕು ತಿರುಗಿದ್ದು ಮಂಗಳೂರಿನಲ್ಲಿ. ಬಾಸೆಲ್ ಮಿಶನ್ 1834ರಲ್ಲಿ ಅಲ್ಲಿಗೆ ಬಂತು. ಕಾಸರಗೋಡು ಆಗ ದಕ್ಷಿಣ ಕನ್ನಡದ್ದೇ ಭಾಗ, ಮಂಗಳೂರೇ ಅದರ ಪೇಟೆ. ಕಿಟ್ಟೆಲರ 1894ರ ಕನ್ನಡ-ಇಂಗ್ಲಿಷ್ ನಿಘಂಟು ನಮಗೆಲ್ಲ ಗೊತ್ತು, ಸುಮಾರು 70,000 ಪದಗಳದ್ದು. ಕನ್ನಡ ಎಂ.ಎ. ವಿದ್ಯಾರ್ಥಿಗಳಾದ ನಾವು ಅದನ್ನು ದೇವರ ಪಟದ ಹಾಗೆ ನೋಡ್ತೇವೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಅದರ ಅಕ್ಕಪಕ್ಕದ ಎರಡು ಸಣ್ಣ ಪುಸ್ತಕಗಳು. ಒಂದು ಎಫ್. ಝೀಗ್ಲರ್ ಅವರ ಇಂಗ್ಲಿಷ್-ಕನ್ನಡ ಶಾಲಾ ನಿಘಂಟು. ಇನ್ನೊಂದು ಜೆ. ಬುಖರ್ ಅವರು ಕಿಟ್ಟೆಲರ ಕೆಲಸವನ್ನೇ ಆಧಾರ ಮಾಡಿ 1899ರಲ್ಲಿ ತಂದ ಕನ್ನಡ-ಇಂಗ್ಲಿಷ್ ಶಾಲಾ ನಿಘಂಟು. ಎರಡರ ಹೆಸರಿನಲ್ಲೂ 'ಶಾಲಾ' ಅನ್ನುವ ಪದ ಉಂಟು, ಗಮನಿಸಿ. ಇದು ಕಲೆಕ್ಟರನಿಗೋ ಪಾದ್ರಿಗೋ ಮಾಡಿದ್ದಲ್ಲ. ಕನ್ನಡ ಓದಲು ಬರುವ ಹುಡುಗ ಇಂಗ್ಲಿಷಿಗೆ ಹೋಗಲು ಮಾಡಿದ್ದು.

ಇಲ್ಲಿ ಇನ್ನೊಂದು ವಿಷಯ ಹೇಳ್ಬೇಕು. ಕಿಟ್ಟೆಲ್ ಆಗಲಿ, ಬಾಸೆಲ್ ಮಿಶನ್ನಿನ ಅವರ ಹೆಚ್ಚಿನ ಸಂಗಾತಿಗಳಾಗಲಿ ಇಂಗ್ಲಿಷ್ ಮಾತೃಭಾಷೆಯವರಲ್ಲ. ಜರ್ಮನ್ ಆಡುವವರು. ಅವರಿಗೆ ಕನ್ನಡವೂ ಕಲಿತ ಭಾಷೆ, ಇಂಗ್ಲಿಷೂ ಕಲಿತ ಭಾಷೆ. ಕನ್ನಡಕ್ಕೆ ಇಂಗ್ಲಿಷನ್ನು ಎದುರಿಟ್ಟು ಅರ್ಥ ಬರೆದ ದೊಡ್ಡ ಕೆಲಸ ನಡೆದದ್ದು ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರ ಕೈಯಲ್ಲಿ. 'ಇಂಗ್ಲಿಷ್ ಕಲಿಸಲು ಇಂಗ್ಲಿಷರೇ ಬೇಕು' ಅನ್ನುವ ನಂಬಿಕೆ ಆಮೇಲೆ ಬಂತಲ್ಲ, ಅದಕ್ಕೆ ನಮ್ಮ ಕಡೆಯ ಉತ್ತರ ಮಂಗಳೂರಿನ ಮುದ್ರಣಾಲಯದಲ್ಲೇ ಉಂಟು.

ಮೆಕಾಲೆಯ 1835ರ ಟಿಪ್ಪಣಿ, 1854ರ ವುಡ್ ಆಜ್ಞಾಪತ್ರ, 1857ರ ಮದ್ರಾಸ್ ವಿಶ್ವವಿದ್ಯಾನಿಲಯ ಇವೆಲ್ಲ ನಿಮಗೆ ಗೊತ್ತಿರುವ ಸಂಗತಿ, ಬೇಗ ದಾಟಿಬಿಡ್ತೇನೆ. ಒಂದೇ ಮಾತು: ಗೌರಿ ವಿಶ್ವನಾಥನ್ 1989ರ ತಮ್ಮ ಪುಸ್ತಕದಲ್ಲಿ ತೋರಿಸಿದ ಹಾಗೆ, ಇಂಗ್ಲಿಷ್ ಸಾಹಿತ್ಯ ಒಂದು ಪಠ್ಯವಿಷಯವಾಗಿ ಇಂಗ್ಲೆಂಡಿಗಿಂತ ಮುಂಚೆ ಭಾರತದಲ್ಲಿ ಬೇರೂರಿತು. ಹಾಗಾಗಿ ನಮ್ಮ ಶಾಲೆಗಳಿಗೆ ಇಂಗ್ಲಿಷ್ ಬಂದದ್ದು ಆಡುವ ಭಾಷೆಯಾಗಿ ಅಲ್ಲ, ಓದಿ ಅರ್ಥ ಬಿಡಿಸುವ ಭಾಷೆಯಾಗಿ. ಮಾಷ್ಟ್ರು ಒಂದು ವಾಕ್ಯ ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಹುಡುಗರು ಬರೆದುಕೊಳ್ಳುವುದು. ಇದೇ ವ್ಯಾಕರಣ-ಅನುವಾದ ವಿಧಾನ. ಇವತ್ತು ಇದನ್ನು ಬೈಯದ ಶಿಕ್ಷಣತಜ್ಞರಿಲ್ಲ. ಬೈಗುಳದಲ್ಲಿ ಅರ್ಧ ಸತ್ಯ ಉಂಟು: ಹತ್ತು ವರ್ಷ ಹೀಗೆ ಕಲಿತವನಿಗೆ ಎರಡು ವಾಕ್ಯ ಮಾತಾಡಲು ಬಾಯಿ ಬರುವುದಿಲ್ಲ.

ಆದರೆ ಕನ್ನಡ ಸಾಹಿತ್ಯದ ವಿದ್ಯಾರ್ಥಿ ಆ ವಿಧಾನವನ್ನು ಹಾಗೆ ತಳ್ಳಿಹಾಕುವ ಹಾಗಿಲ್ಲ. ಅದರ ಫಲ ನಮ್ಮ ಸಿಲಬಸ್‌ನಲ್ಲೇ ಉಂಟು. ಬಿ.ಎಂ.ಶ್ರೀ. ಇಂಗ್ಲಿಷ್ ಅಧ್ಯಾಪಕರು, ಅವರ 'ಇಂಗ್ಲಿಷ್ ಗೀತಗಳು' 1926ರ ಪುಸ್ತಕ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬ್ರೌನಿಂಗ್‌ನ ಕಥನಕವನದಿಂದ ಹುಟ್ಟಿದ್ದು. ಮಂಜೇಶ್ವರದ ಗೋವಿಂದ ಪೈಗಳು ಮದ್ರಾಸಿನಲ್ಲಿ ಕಾಲೇಜು ಓದಿ ಬಂದವರು. ಮುಂದೆ ಅಡಿಗರು, ಅನಂತಮೂರ್ತಿ, ಲಂಕೇಶ್, ಶಾಂತಿನಾಥ ದೇಸಾಯಿ, ಎಲ್ಲರೂ ಇಂಗ್ಲಿಷ್ ಪಾಠ ಮಾಡಿದವರೇ. ತರಗತಿಯಲ್ಲಿ 'ಇದಕ್ಕೆ ಕನ್ನಡದಲ್ಲಿ ಏನಂತೀರಿ?' ಅಂತ ಕೇಳುವ ಅಭ್ಯಾಸ ಇಲ್ಲದಿದ್ದರೆ ನವೋದಯದ ಭಾಷೆ ಹೀಗೆ ಇರ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆ ಪ್ರಶ್ನೆ ಇಂಗ್ಲಿಷನ್ನು ಎಷ್ಟು ಕಲಿಸಿತೋ ಗೊತ್ತಿಲ್ಲ, ಕನ್ನಡವನ್ನಂತೂ ದುಡಿಸಿತು.

ಈ ವಿಧಾನದ ಮೇಲೆ ಗಂಭೀರವಾದ ಟೀಕೆ ಬಂದದ್ದು ಬಂಗಾಳದಿಂದ. ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೆಲ್ ವೆಸ್ಟ್ 1926ರಲ್ಲಿ ದ್ವಿಭಾಷಿಕತೆಯ ಬಗ್ಗೆ ಒಂದು ವರದಿ ಬರೆದರು. ಅದರಲ್ಲಿ ಒಂದು ಪದ ಉಂಟು, ನನಗೆ ತುಂಬಾ ಇಷ್ಟ: ಸರೆಂಡರ್ ವ್ಯಾಲ್ಯೂ. ಎಲ್.ಐ.ಸಿ. ಪಾಲಿಸಿ ಮಧ್ಯದಲ್ಲಿ ನಿಲ್ಲಿಸಿದರೆ ಕೈಗೆ ಎಷ್ಟು ಸಿಗ್ತದೆ ಅಂತ ಕೇಳ್ತೇವಲ್ಲ, ಅದೇ. ವೆಸ್ಟ್ ಕೇಳಿದ್ದು ಇಷ್ಟು: ಹೆಚ್ಚಿನ ಮಕ್ಕಳು ಶಾಲೆಯನ್ನು ಮಧ್ಯದಲ್ಲೇ ಬಿಡ್ತಾರೆ. ಎರಡು ವರ್ಷ ಇಂಗ್ಲಿಷ್ ಕಲಿತು ಬಿಟ್ಟ ಹುಡುಗನ ಕೈಯಲ್ಲಿ ಏನು ಉಳಿಯಿತು? ಕೊನೆಯ ಪರೀಕ್ಷೆ ಪಾಸಾದವನಿಗೆ ಮಾತ್ರ ಪ್ರಯೋಜನ ಆಗುವ ಪಾಠ, ಬಿಟ್ಟುಹೋದವನಿಗೆ ಮೋಸ. ಅವರ ಪ್ರಕಾರ ಬೇಗ ಕೈಗೆ ಸಿಗುವ, ಬಿಟ್ಟ ಮೇಲೂ ಉಳಿಯುವ ಲಾಭ ಓದಿನದ್ದು. ಹಾಗಾಗಿ ಮೊದಲು ಓದಲು ಕಲಿಸಿ ಅಂದರು. ಇದಕ್ಕಾಗಿ ಕಡಿಮೆ ಪದಗಳಲ್ಲಿ ಬರೆದ ವಾಚಕಗಳನ್ನೂ ತಯಾರು ಮಾಡಿದರು. ವೆಸ್ಟ್ ಅವರ ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರ್ತೇನೆ. ಯಾಕಂದ್ರೆ ನನ್ನ ವಾದ ಅದರ ಮೇಲೆಯೇ ನಿಂತಿದೆ.

ಇನ್ನು 1956. ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು ಅನ್ನುವುದನ್ನು ನಾವು ರಾಜಕೀಯದ ದಿನಾಂಕವಾಗಿ ನೆನಪಿಟ್ಟಿದ್ದೇವೆ. ಶಾಲೆಯ ಮಟ್ಟಿಗೆ ಅದು ಸಿಲಬಸ್ ಬದಲಾದ ದಿನಾಂಕ ಕೂಡ. ಗಡಿಯ ಯಾವ ತುಂಡು ಯಾವ ರಾಜ್ಯಕ್ಕೆ ಹೋಯಿತು ಅನ್ನುವುದರ ಮೇಲೆ ಆ ತುಂಡಿನ ಕನ್ನಡ ಮಗುವಿನ ಇಂಗ್ಲಿಷ್ ನಿರ್ಧಾರವಾಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ನೋಡಿ. ಅಕ್ಕಲಕೋಟೆ, ಜತ್ತ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ಆ ಹೊತ್ತಿಗೆ ಖೇರ್ ಅವರ ಮುಂಬಯಿ ಸರಕಾರ ಇಂಗ್ಲಿಷನ್ನು ಎಂಟನೇ ಇಯತ್ತೆಗೆ ತಳ್ಳಿತ್ತು. ಮೊದಲು ತನ್ನ ಭಾಷೆ ಗಟ್ಟಿಯಾಗಲಿ, ಆಮೇಲೆ ಇಂಗ್ಲಿಷ್ ಅನ್ನುವುದು ಅದರ ಹಿಂದಿನ ಆಲೋಚನೆ. ಆದರೆ 'ತನ್ನ ಭಾಷೆ' ಅಂದರೆ ಪ್ರಾಂತದ ಭಾಷೆ ಅಂತ ಆಗಿಬಿಟ್ಟ ಕಡೆ, ಮನೆಯಲ್ಲಿ ಕನ್ನಡ ಆಡುವ ಹುಡುಗ ಇಂಗ್ಲಿಷಿಗೆ ಹೋದದ್ದು ಮರಾಠಿಯ ಮೂಲಕ. ತರ್ಖಡಕರರ ಭಾಷಾಂತರ ಪಾಠಮಾಲೆ ಮರಾಠಿಯಲ್ಲಿ ತುಂಬಾ ಹೆಸರಾದದ್ದು. ಆ ಪುಸ್ತಕದಿಂದ ಇಂಗ್ಲಿಷ್ ಕಲಿತ ಕನ್ನಡಿಗನ ಇಂಗ್ಲಿಷ್ ಮರಾಠಿಯ ಮೇಲೆ ನಿಂತದ್ದು.

ಮದ್ರಾಸ್ ರಾಜ್ಯದಲ್ಲಿ ಬೇರೆ ಆಯಿತು. ಅಲ್ಲಿ 1959ರಿಂದ ಒಂದು ಭಾರೀ ತರಬೇತಿ ನಡೆಯಿತು. ಇಂಗ್ಲಿಷ್ ಶುರುಮಾಡುವ ಮಕ್ಕಳಿಗೆ ಕಲಿಸುವ 27,000 ಅಧ್ಯಾಪಕರನ್ನು ರಚನಾತ್ಮಕ ವಿಧಾನಕ್ಕೆ ತರಬೇಕು ಅಂತ. ಕೆಲವರಿಗೆ ಕಲಿಸುವುದು, ಅವರು ಇನ್ನಷ್ಟು ಜನರಿಗೆ, ಅವರು ಮತ್ತಷ್ಟು ಜನರಿಗೆ. ಉರುಳಿದಷ್ಟೂ ದೊಡ್ಡದಾಗುವ ಹಿಮದುಂಡೆಗೆ ಹೋಲಿಸಿ ಇದನ್ನು 'ಮದ್ರಾಸ್ ಸ್ನೋಬಾಲ್' ಅಂತ ಕರೆದರು. ಹಿಮ ಕಾಣದ ಊರಿನಲ್ಲಿ ಹಿಮದುಂಡೆ! ಕಾಸರಗೋಡು ಮೂರು ವರ್ಷದ ಹಿಂದೆ ಹೊರಗೆ ಹೋಗಿತ್ತು, ಕೊಳ್ಳೇಗಾಲ ಮೈಸೂರಿಗೆ ಹೋಗಿತ್ತು, ಹೊಸೂರು ಮತ್ತು ತಾಳವಾಡಿ ಒಳಗೇ ಉಳಿದಿದ್ದವು. ರಚನಾತ್ಮಕ ವಿಧಾನ ಅಂದರೆ ಏನು? ಇಂಗ್ಲಿಷ್ ವಾಕ್ಯರಚನೆಗಳನ್ನು ಸುಲಭದಿಂದ ಕಷ್ಟಕ್ಕೆ ಅಂತ ಸಾಲು ಮಾಡುವುದು. ಪುಸ್ತಕ ಎತ್ತಿ ತೋರಿಸಿ, ಬಾಗಿಲು ತೆಗೆದು ಮುಚ್ಚಿ, ಸನ್ನಿವೇಶದಿಂದಲೇ ಅರ್ಥ ಮಾಡಿಸುವುದು. ಮಕ್ಕಳಿಂದ ಒಟ್ಟಿಗೆ ಹೇಳಿಸುವುದು. ಅನುವಾದ ಬೇಡ. ಕನ್ನಡವೋ ತಮಿಳೋ ಮಧ್ಯೆ ಬಂದರೆ ಅದು ಮಾಷ್ಟ್ರ ಸೋಲು.

ಇದು ಮದ್ರಾಸಿನ ಹುಚ್ಚು ಮಾತ್ರ ಅಲ್ಲ. 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಒಂದು ಸಮ್ಮೇಳನ ನಡೆಯಿತು, ಎರಡನೆಯ ಭಾಷೆಯಾಗಿ ಇಂಗ್ಲಿಷ್ ಬೋಧನೆ ಅನ್ನುವುದೇ ಅದರ ವಿಷಯ. ಅಲ್ಲಿ ಗಟ್ಟಿಯಾದ ಐದು ನಂಬಿಕೆಗಳನ್ನು ರಾಬರ್ಟ್ ಫಿಲಿಪ್ಸನ್ 1992ರಲ್ಲಿ ಒಂದೊಂದಾಗಿ ಬಿಡಿಸಿ ಐದೂ ತಪ್ಪು ತಿಳುವಳಿಕೆ ಅಂದರು. ಅದರಲ್ಲಿ ಮೊದಲನೆಯದು: ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು. ಉಳಿದವು ಇದರದ್ದೇ ಮಕ್ಕಳು: ಇಂಗ್ಲಿಷ್ ಮಾತೃಭಾಷೆಯವರೇ ಉತ್ತಮ ಅಧ್ಯಾಪಕರು, ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು, ಎಷ್ಟು ಹೆಚ್ಚು ಕಲಿಸಿದರೆ ಅಷ್ಟು ಒಳ್ಳೆಯದು, ಬೇರೆ ಭಾಷೆ ಬಳಸಿದರೆ ಇಂಗ್ಲಿಷಿನ ಮಟ್ಟ ಇಳಿಯುತ್ತದೆ. ಇವತ್ತು ನಮ್ಮೂರಿನ ಯಾವುದೇ ಇಂಗ್ಲಿಷ್ ಮಾಧ್ಯಮ ಶಾಲೆಯ ಫ್ಲೆಕ್ಸ್ ಬೋರ್ಡ್ ಓದಿ, ಈ ಐದರಲ್ಲಿ ಮೂರಾದರೂ ಸಿಗ್ತದೆ.

ಭಾರತದಲ್ಲಿ ಇದೇ ಕಾಲಕ್ಕೆ, 1958ರಲ್ಲಿ, ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಶುರುವಾಯಿತು. ಅದರ ನಿರ್ದೇಶಕರಾಗಿದ್ದವರು ನಮ್ಮ ವಿ.ಕೃ. ಗೋಕಾಕರು. ಭಾರತದಲ್ಲಿ ಇಂಗ್ಲಿಷಿನ ಇಂದು ಮತ್ತು ನಾಳೆಯ ಬಗ್ಗೆ 1964ರಲ್ಲಿ ಇಂಗ್ಲಿಷಿನಲ್ಲೇ ಪುಸ್ತಕ ಬರೆದವರು. ಅದೇ ಗೋಕಾಕರು 1981ರ ಜನವರಿಯಲ್ಲಿ ಕರ್ನಾಟಕ ಸರಕಾರಕ್ಕೆ ಕೊಟ್ಟ ವರದಿ: ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆ, ಅದಕ್ಕೆ 150 ಅಂಕ. ಮರುವರ್ಷದ ಗೋಕಾಕ್ ಚಳವಳಿ, ರಾಜಕುಮಾರ್ ಪ್ರವಾಸ ಎಲ್ಲ ನಿಮಗೆ ಗೊತ್ತು. ಇಂಗ್ಲಿಷ್ ಬೋಧನೆಯ ದೊಡ್ಡ ಸಂಸ್ಥೆ ನಡೆಸಿದವರೇ ಕನ್ನಡಕ್ಕೆ ಪ್ರಥಮ ಸ್ಥಾನ ಕೇಳಿದ್ದನ್ನು ಕೆಲವರು ವಿರೋಧಾಭಾಸ ಅನ್ನುವ ಹಾಗೆ ಹೇಳ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇಂಗ್ಲಿಷ್ ಎರಡನೆಯ ಭಾಷೆ ಅಂತ ಪ್ರಾಮಾಣಿಕವಾಗಿ ನಂಬಿದವನು ಮೊದಲನೆಯದು ಯಾವುದು ಅಂತ ಕೇಳಲೇಬೇಕು. ಅಂದಿನ ಕರ್ನಾಟಕದಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು ಕನ್ನಡವನ್ನು ಬಿಟ್ಟು ಪಾಸಾಗಬಹುದಿತ್ತು. 'ಪ್ರಥಮ' ಅನ್ನುವುದಕ್ಕೆ ಅಂಕಪಟ್ಟಿಯ ಅರ್ಥ ಮಾತ್ರ ಉಳಿದಿತ್ತು. ಗೋಕಾಕ್ ವರದಿ ಮಾಡಿದ್ದು ಆ ಎರಡು ಅರ್ಥಗಳನ್ನು ಮತ್ತೆ ಹತ್ತಿರ ತರುವ ಕೆಲಸ. ಕಾಸರಗೋಡಿಗೆ ಅದರ ಗಾಳಿಯೂ ಬೀಸಲಿಲ್ಲ, ಆಡಳಿತದ ದೃಷ್ಟಿಯಿಂದ. ನಾವು ಬೇರೆ ರಾಜ್ಯ.

ಗೋಕಾಕ್ ಗದ್ದಲದ ವರ್ಷಗಳಲ್ಲೇ ಬೆಂಗಳೂರಿನಲ್ಲಿ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆಯುತ್ತಿತ್ತು. ಕನ್ನಡ ವಿಭಾಗಗಳಲ್ಲಿ ಇದರ ಹೆಸರು ಕೇಳಿದವರು ಕಡಿಮೆ. ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಅದು. ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲೆಲ್ಲ 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಅದರ ಹೆಸರು. ವಾಕ್ಯರಚನೆಯ ಪಟ್ಟಿಯನ್ನು ಪ್ರಭು ಪಕ್ಕಕ್ಕಿಟ್ಟರು. ಬದಲಿಗೆ ತರಗತಿಗೆ ಒಂದು ಸಮಸ್ಯೆ ಕೊಡುವುದು. ಉದಾಹರಣೆಗೆ ರೈಲಿನ ವೇಳಾಪಟ್ಟಿ: ಇಂಥ ಊರಿಗೆ ಇಷ್ಟು ಗಂಟೆಯ ಒಳಗೆ ತಲುಪಬೇಕಾದರೆ ಯಾವ ರೈಲು ಹಿಡಿಯಬೇಕು? ಮೊದಲು ಮಾಷ್ಟ್ರು ಇಡೀ ತರಗತಿಯ ಜೊತೆ ಅದೇ ರೀತಿಯ ಒಂದು ಸಮಸ್ಯೆಯನ್ನು ಬಿಡಿಸಿ ತೋರಿಸ್ತಾರೆ, ಆಮೇಲೆ ಮಕ್ಕಳು ತಾವಾಗಿ ಇನ್ನೊಂದನ್ನು ಮಾಡ್ತಾರೆ. ಮನಸ್ಸು ಅರ್ಥದ ಮೇಲೆ ಇರುವಾಗ ವ್ಯಾಕರಣ ಒಳಗಿನಿಂದ ತಾನೇ ಬೆಳೆಯುತ್ತದೆ ಅನ್ನುವುದು ಪ್ರಭು ಅವರ ನಂಬಿಕೆ. ಅವರ 1987ರ ಪುಸ್ತಕ ಓದಿದರೆ ತಿಳಿಯುವ ಇನ್ನೊಂದು ವಿಷಯ, ಮಕ್ಕಳ ಮಾತೃಭಾಷೆಯನ್ನು ಅವರು ತರಗತಿಯಿಂದ ಓಡಿಸಲಿಲ್ಲ. ಬೇಕಾದಲ್ಲಿ ಒಂದು ಪದದ ಅರ್ಥ ಹೇಳಿದರೆ ಆಕಾಶ ಬೀಳುವುದಿಲ್ಲ ಅನ್ನುವ ಧೋರಣೆ. ಇದೇ ಹಾದಿಯಲ್ಲಿ ಇನ್ನೂ ಮುಂದೆ ಹೋದವರು ವೇಲ್ಸಿನ ಅಬೆರಿಸ್ಟ್‌ವಿತ್‌ನ ಸಿ.ಜೆ. ಡಾಡ್ಸನ್, 1967ರಲ್ಲಿ. ತರಗತಿಯಲ್ಲಿ ಎರಡೂ ಭಾಷೆಯನ್ನು ಯೋಜನೆ ಹಾಕಿ ಬಳಸುವ 'ದ್ವಿಭಾಷಾ ವಿಧಾನ' ಅವರದ್ದು. ವೆಲ್ಷ್ ಮತ್ತು ಇಂಗ್ಲಿಷ್ ಎರಡರ ನಡುವೆ ಬದುಕುವ ನಾಡಿನಿಂದ ಈ ವಿಚಾರ ಬಂದದ್ದು ನನಗೆ ಆಶ್ಚರ್ಯ ಅಲ್ಲ.

ಈಗ ಕಾಸರಗೋಡಿಗೆ ಬರ್ತೇನೆ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸುವುದರ ವಿರುದ್ಧ ಇಲ್ಲಿ ಮತ್ತೆ ಮತ್ತೆ ಪ್ರತಿಭಟನೆ ಆಗಿದೆ. 2017ರಲ್ಲಿ ಮಲಯಾಳಂ ಕಲಿಕೆಯ ಕಾನೂನು ಬಂದಾಗಲೂ ಆಯಿತು. ಗಣಿತ, ವಿಜ್ಞಾನ, ಸಮಾಜಕ್ಕೆ ಕನ್ನಡ ಬಾರದವರು ಬಂದರೆ ಮಕ್ಕಳು ಬೀದಿಗೆ ಬರ್ತಾರೆ, ಪೋಷಕರು ಬರ್ತಾರೆ, ಪತ್ರಿಕೆಯಲ್ಲಿ ಬರ್ತದೆ. ಸರಿಯೇ. ಆದರೆ ಇಂಗ್ಲಿಷ್ ಪೀರಿಯಡ್‌ಗೆ ಕನ್ನಡ ಬಾರದವರು ಬಂದರೆ? ಗಲಾಟೆ ಅಷ್ಟಿಲ್ಲ. 'ಇಂಗ್ಲಿಷ್ ಪಾಠಕ್ಕೆ ಕನ್ನಡ ಎಂತಕ್ಕೆ? ಇಂಗ್ಲಿಷಿನಲ್ಲೇ ಮಾಡಿದರಾಯಿತಲ್ಲ?' ಈ ಮಾತನ್ನು ನಾನು ಕನ್ನಡ ಹೋರಾಟದಲ್ಲಿ ಇರುವವರ ಬಾಯಿಂದಲೇ ಕೇಳಿದ್ದೇನೆ. ಮಕೆರೆರೆಯ ಮೊದಲ ನಂಬಿಕೆ ಸೀದಾ ನಮ್ಮ ಬಾಯಿಗೆ ಬಂದು ಕೂತಿದೆ. ಗಡಿನಾಡಿನಲ್ಲಿ ಅದು ಬರೇ ಬೋಧನಾ ವಿಧಾನ ಅಲ್ಲ, ಕನ್ನಡದ ಒಂದು ಹುದ್ದೆಯನ್ನು ಬಿಟ್ಟುಕೊಡಲು ಒಪ್ಪಿಗೆಪತ್ರ.

ಇಂಗ್ಲಿಷಿನಲ್ಲೇ ಪಾಠ ಅನ್ನುವುದು ನಡೆಯುವುದೂ ಇಲ್ಲ. ಅರ್ಥ ಆಗದಿದ್ದಾಗ ಯಾವ ಅಧ್ಯಾಪಕರೂ ತನಗೆ ಗೊತ್ತಿರುವ ಭಾಷೆಗೆ ಹೋಗ್ತಾರೆ, ಅದು ಮನುಷ್ಯ ಸಹಜ. ಹಾಗಾಗಿ ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಜಾಗಕ್ಕೆ ಬರುವುದು ಇಂಗ್ಲಿಷ್ ಅಲ್ಲ, ಮಲಯಾಳಂ. ಇದರಲ್ಲಿ ನಷ್ಟ ಏನು ಅಂತ ಕೇಳಬಹುದು. ಒಂದು ಉದಾಹರಣೆ ಕೊಡ್ತೇನೆ. ಇಂಗ್ಲಿಷ್ ಕಲಿಯುವ ಎಲ್ಲ ಮಕ್ಕಳೂ ಎಡವುವ ಜಾಗ: 'ಐ ಕಮ್', ಆದರೆ 'ಹೀ ಕಮ್ಸ್'. ಕೊನೆಯ 'ಸ್' ಬಿಟ್ಟುಹೋಗ್ತದೆ. ಕನ್ನಡದಲ್ಲಿ ನಾನು ಬರ್ತೇನೆ, ಅವನು ಬರ್ತಾನೆ, ಅವಳು ಬರ್ತಾಳೆ. ಯಾರು ಅನ್ನುವುದರ ಮೇಲೆ ಕ್ರಿಯಾಪದದ ಬಾಲ ಬದಲಾಗ್ತದೆ ಅನ್ನುವುದು ಕನ್ನಡದ ಮಗುವಿಗೆ ಹೊಸ ವಿಷಯವೇ ಅಲ್ಲ. ತುಳುವಿನಲ್ಲೂ ಆಯೆ ಬತ್ತೆ, ಆಳ್ ಬತ್ತಳ್. ಮಲಯಾಳಂನಲ್ಲಿ ಞಾನ್ ವನ್ನು, ಅವನ್ ವನ್ನು, ಅವಳ್ ವನ್ನು. ಬಾಲ ಬದಲಾಗುವುದಿಲ್ಲ. ಕನ್ನಡ ಗೊತ್ತಿರುವ ಟೀಚರ್ 'ನೋಡು, ನಮ್ಮಲ್ಲಿ ಎಲ್ಲರಿಗೂ ಬೇರೆ ಬೇರೆ ಬಾಲ, ಪಾಪ ಇಂಗ್ಲಿಷಿನಲ್ಲಿ ಇವನೊಬ್ಬನಿಗೆ ಮಾತ್ರ' ಅಂದರೆ ಎರಡು ನಿಮಿಷದಲ್ಲಿ ಮುಗಿಯುವ ಪಾಠ. ಮಲಯಾಳಂ ಮಾತ್ರ ಗೊತ್ತಿರುವವರು ಇದನ್ನು ಶೂನ್ಯದಿಂದ ಶುರುಮಾಡ್ತಾರೆ, ಯಾಕಂದ್ರೆ ಅವರು ಕಲಿತದ್ದು ಹಾಗೆ. ಅವರು ಕೆಟ್ಟ ಅಧ್ಯಾಪಕರು ಅಂತಲ್ಲ. ಮಗುವಿನ ಕೈಯಲ್ಲಿ ಏನು ಉಂಟು ಅಂತ ಅವರಿಗೆ ಕಾಣುವುದಿಲ್ಲ, ಅಷ್ಟೆ. ಎಲ್ಲದರಲ್ಲೂ ಹೀಗೆ ಅಂತ ಹೇಳಿದರೆ ಅದು ಅತಿಯಾಗ್ತದೆ. 'ನಿನ್ನೆ ಬಂದ ಹುಡುಗ' ಅನ್ನುವುದನ್ನು ಇಂಗ್ಲಿಷಿಗೆ ತರುವಾಗ ತಲೆಕೆಳಗು ಮಾಡಬೇಕು, ಆ ಕಷ್ಟ ಕನ್ನಡಕ್ಕೂ ಮಲಯಾಳಕ್ಕೂ ಒಂದೇ.

ಇಲ್ಲಿ ನಿಮ್ಮಲ್ಲಿ ಯಾರಾದರೂ ಕೇಳಬೇಕಾದ ಪ್ರಶ್ನೆ ಒಂದು ಉಂಟು, ನಾನೇ ಕೇಳಿಬಿಡ್ತೇನೆ. ಕನ್ನಡ ಮಾಧ್ಯಮದ ಈ ಮಕ್ಕಳಲ್ಲಿ ಎಷ್ಟೋ ಜನರ ಮನೆಮಾತು ತುಳು, ಕೊಂಕಣಿ, ಮರಾಠಿ. ಕನ್ನಡ ಅವರ ಮಾತೃಭಾಷೆಯೇ ಅಲ್ಲ. ಹಾಗಿದ್ದ ಮೇಲೆ ಮಾತೃಭಾಷೆಯ ಮೂಲಕ ಇಂಗ್ಲಿಷ್ ಅನ್ನುವ ವಾದಕ್ಕೆ ಕಾಸರಗೋಡಿನಲ್ಲಿ ನೆಲ ಎಲ್ಲಿ? ಈ ಆಕ್ಷೇಪ ಗಟ್ಟಿಯಾದದ್ದು. ಯುನೆಸ್ಕೋದ 1953ರ ವರದಿಯಿಂದ ಹಿಡಿದು ಸಂವಿಧಾನದ 350ಎ ವಿಧಿಯವರೆಗೆ ನಾವು ಆಧಾರ ಮಾಡುವ ಎಲ್ಲ ದಾಖಲೆಗಳೂ 'ಮಾತೃಭಾಷೆ' ಅನ್ನುವ ಪದದ ಮೇಲೆ ನಿಂತಿವೆ. ಆ ಪದ ನಮ್ಮೂರಿನಲ್ಲಿ ಸರಿಯಾಗಿ ಕೂರುವುದಿಲ್ಲ.

ಇಲ್ಲಿಯೇ ನಾನು ವೆಸ್ಟ್ ಕಡೆಗೆ, ಬುಖರ್ ಕಡೆಗೆ ಹಿಂದೆ ಹೋಗುವುದು. ಶಾಲಾ ನಿಘಂಟು ಮಾಡಿದವರು ಹುಡುಗನ ಮನೆಮಾತು ಯಾವುದು ಅಂತ ಕೇಳಲಿಲ್ಲ. ಮಂಗಳೂರಿನ ಶಾಲೆಗಳಲ್ಲಿ ತುಳು, ಕೊಂಕಣಿ ಮಕ್ಕಳು ಆಗಲೂ ಇದ್ದರು. ನಿಘಂಟು ಕೇಳುವುದು ಒಂದನ್ನೇ: ನಿನಗೆ ಯಾವ ಲಿಪಿಯಲ್ಲಿ ಓದಲು ಬರ್ತದೆ? ವೆಸ್ಟ್ ಹೇಳಿದ್ದೂ ಓದಿನ ಬಗ್ಗೆಯೇ. ಎರಡನೆಯ ಭಾಷೆ ನಿಲ್ಲುವುದು ತೊಟ್ಟಿಲಿನ ಭಾಷೆಯ ಮೇಲೆ ಅಂತ ಆಗಬೇಕಿಲ್ಲ, ಮಗು ಮೊದಲು ಓದಲು ಕಲಿತ ಭಾಷೆಯ ಮೇಲೆ ಅನ್ನುವುದು ನನ್ನ ವಾದ. ಅಕ್ಷರಕ್ಕೂ ಧ್ವನಿಗೂ ಸಂಬಂಧ ಉಂಟು, ವಾಕ್ಯಕ್ಕೆ ಮೊದಲು-ಕೊನೆ ಉಂಟು, ಪುಸ್ತಕದ ಮಾತಿಗೂ ಬಾಯಿಮಾತಿಗೂ ವ್ಯತ್ಯಾಸ ಉಂಟು, ಗೊತ್ತಿಲ್ಲದ ಪದವನ್ನು ಸುತ್ತಲಿನ ಪದಗಳಿಂದ ಊಹಿಸಬಹುದು. ಇದೆಲ್ಲ ತುಳು ಮನೆಯ ಮಗುವಿಗೆ ಮೊದಲು ಗೊತ್ತಾದದ್ದು ಕನ್ನಡದಲ್ಲಿ. ಹಾಗೆ ನೋಡಿದರೆ ಆ ಮಗು ಒಮ್ಮೆ ಎರಡನೆಯ ಭಾಷೆಯೊಂದನ್ನು ಯಶಸ್ವಿಯಾಗಿ ಕಲಿತು ಬಂದಿದೆ: ಕನ್ನಡವನ್ನು. ಒಂದನೇ ಕ್ಲಾಸಿನಲ್ಲಿ 'ಇಲ್ಲ್' ಅನ್ನುವುದಕ್ಕೆ 'ಮನೆ' ಅಂತ ಕಲಿತದ್ದು ಅದೇ ಕೆಲಸ. ಇಂಗ್ಲಿಷ್ ಟೀಚರ್‌ಗೆ ಇದಕ್ಕಿಂತ ಒಳ್ಳೆಯ ವಿದ್ಯಾರ್ಥಿ ಬೇರೆ ಯಾರು?

ಇದು ಬರೇ ಸಿದ್ಧಾಂತದ ಚರ್ಚೆಯಾಗಿದ್ದರೆ ನಾನು ಇಷ್ಟು ಒತ್ತಿ ಹೇಳ್ತಿರಲಿಲ್ಲ. ಕೇರಳದಲ್ಲಿ ಹತ್ತನೆಯ ತರಗತಿ ಮುಗಿಸಿ ಪ್ಲಸ್ ವನ್‌ಗೆ ಹೋದ ಕೂಡಲೇ ವಿಜ್ಞಾನ, ವಾಣಿಜ್ಯ ಎಲ್ಲದರ ಪುಸ್ತಕ ಇಂಗ್ಲಿಷಿನಲ್ಲಿ. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗುವಿಗೆ ಎರಡು ತಿಂಗಳ ರಜೆಯಲ್ಲಿ ದಾಟಬೇಕಾದ ಹೊಳೆ ಅದು. ಈ ಹೊಳೆಯ ಭಯಕ್ಕೇ ಪೋಷಕರು ಎಲ್.ಕೆ.ಜಿ.ಯಿಂದಲೇ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಭಾಷಾ ಮಾಧ್ಯಮದ ಪ್ರಕರಣದಲ್ಲಿ ಆಯ್ಕೆ ಪೋಷಕರದ್ದು ಅಂತ ಹೇಳಿಯೂ ಆಗಿದೆ. ಕನ್ನಡ ಮಾಧ್ಯಮದ ಶಾಲೆ ಉಳಿಯಬೇಕಾದರೆ ಅಲ್ಲಿಯ ಇಂಗ್ಲಿಷ್ ಪೀರಿಯಡ್ ಆ ಹೊಳೆಗೆ ಸಂಕ ಆಗಬೇಕು. ವೆಸ್ಟ್ ಅವರ ಭಾಷೆಯಲ್ಲಿ ಹೇಳುವುದಾದರೆ, ಹತ್ತನೆಯ ತರಗತಿಯಲ್ಲಿ ಕನ್ನಡ ಮಾಧ್ಯಮವನ್ನು ಬಿಟ್ಟು ಹೊರಡುವ ಮಗುವಿನ ಕೈಗೆ ಏನು ಸಿಗ್ತದೆ ಅನ್ನುವ ಲೆಕ್ಕ. ಕನ್ನಡ ಓದನ್ನು ಬಳಸಿ ಇಂಗ್ಲಿಷ್ ಓದನ್ನು ಕಟ್ಟಬಲ್ಲ ಅಧ್ಯಾಪಕರು, ವಿಜ್ಞಾನದ ಕನ್ನಡ ಪದದ ಪಕ್ಕದಲ್ಲಿ ಇಂಗ್ಲಿಷ್ ಪದ ಇಟ್ಟ ಒಂದು ತೆಳ್ಳಗಿನ ಶಾಲಾ ಪದಕೋಶ. ಇಷ್ಟು ಕೇಳುವುದು ದೊಡ್ಡ ಬೇಡಿಕೆ ಅಲ್ಲ. 1899ರಲ್ಲಿ ಮಂಗಳೂರಿನಲ್ಲಿ ಒಂದು ಮುದ್ರಣಾಲಯ ಇಂಥದ್ದನ್ನು ಮಾಡಿದೆ.

ನನ್ನ ಕೆಲಸದ ಮುಂದಿನ ಭಾಗ ಹಳೆಯ ಪುಸ್ತಕಗಳ ಅಂಚಿನಲ್ಲಿ ಉಂಟು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಅಜ್ಜಂದಿರ ಕಾಲದ ಇಂಗ್ಲಿಷ್ ವಾಚಕಗಳು ಅಟ್ಟದ ಮೇಲೆ ಇನ್ನೂ ಇರಬಹುದು. ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದದ್ದು, ಕೆಲವು ಕಡೆ ಉಚ್ಚಾರವನ್ನೂ ಕನ್ನಡ ಲಿಪಿಯಲ್ಲಿ ಬರೆದದ್ದು. ಯಾವ ಪದಕ್ಕೆ ಕನ್ನಡ ಬರೆದಿದ್ದಾರೆ, ಯಾವ ಪದಕ್ಕೆ ತುಳು ಬರೆದಿದ್ದಾರೆ, ಎಲ್ಲಿ ಏನೂ ಬರೆಯದೆ ಬಿಟ್ಟಿದ್ದಾರೆ ಅನ್ನುವುದನ್ನು ಪಟ್ಟಿ ಮಾಡಬೇಕು. ಅಂಥ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕುವ ಮೊದಲು ಒಂದು ಮಾತು ತಿಳಿಸಿ. ಹೊಸೂರು, ತಾಳವಾಡಿ, ಸೊಲ್ಲಾಪುರ, ಆದೋನಿ ಕಡೆಯವರು ಈ ಕರೆಯಲ್ಲಿ ಇದ್ದರೆ ಅವರಿಗೂ ಇದೇ ಮಾತು. ಅಲ್ಲಿಯ ಪುಸ್ತಕದ ಅಂಚಿನಲ್ಲಿ ಯಾವ ಲಿಪಿ ಉಂಟು ಅಂತ ನನಗೆ ನೋಡಬೇಕು. ಪ್ರಶ್ನೆಗಳಿದ್ದರೆ ಈಗ ತೆಗೆದುಕೊಳ್ಳಬಹುದು, ಸರ್.